ಎಟಿವಿಗೆ ಸ್ಕೂಟರ್ ಆಯಿಲ್ ಸುರೀಬೇಡಿ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಎಟಿವಿ, ಅಂದ್ರೆ ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ದಪ್ಪ ಚಕ್ರದ ಗಾಡಿ, ಈಗ ಅಪರೂಪ ಏನಲ್ಲ. ಬೀಚಿಗೆ ಹೋದ್ರೆ ಮಕ್ಕಳು ಅದರಲ್ಲಿ ಒಂದು ರೌಂಡ್ ಹೋಗದೆ ಮನೆಗೆ ಬರುದಿಲ್ಲ, ತೋಟ ಇದ್ದವರೂ ಕೆಲವರು ಗೊಬ್ಬರ, ತೆಂಗಿನಕಾಯಿ ಸಾಗಿಸ್ಲಿಕ್ಕೆ ಅಂತ ಇಟ್ಕೊಂಡಿದ್ದಾರೆ. ಆದ್ರೆ ಅದಕ್ಕೆ ಯಾವ ಆಯಿಲ್ ಹಾಕ್ಬೇಕು ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಹೇಳ್ತಾರೆ. ಹತ್ರದಲ್ಲೇ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಇಟ್ಕೊಂಡು ನಮ್ಮ ಆಯಿಲ್ ಜ್ಞಾನ ಇಷ್ಟು!

ನನ್ನ ಭಾವ ಹೋದ ವರ್ಷ ಬೀಚಲ್ಲಿ ಬಾಡಿಗೆಗೆ ಓಡ್ತಿದ್ದ 110 ಸಿಸಿ ಎಟಿವಿ ಒಂದನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ್ರು, ಮ್ಯಾನ್ಯುಯಲ್ ಪುಸ್ತಕ ಇಲ್ಲ ಎಂತದೂ ಇಲ್ಲ. ಆಯಿಲ್ ಚೇಂಜಿಗೆ ಗ್ಯಾರೇಜಿಗೆ ಕೊಂಡೋದ್ರೆ ಅಲ್ಲಿಯವ ನೋಡಿದ, ಕ್ಲಚ್ ಲಿವರ್ ಇಲ್ಲ, ಗೇರ್ ಹಾಕುವ ಕೆಲಸ ಇಲ್ಲ, "ಇದು ನಮ್ಮ ಸ್ಕೂಟಿ ಹಾಗೇ ಅಲ್ವಾ ಅಣ್ಣ" ಅಂತ ಸ್ಕೂಟರ್ ಆಯಿಲ್ ಸುರಿದು ಕಳಿಸಿದ. ಸಮತಟ್ಟು ಜಾಗದಲ್ಲಿ ಏನೂ ಗೊತ್ತಾಗ್ಲಿಲ್ಲ, ಎರಡು ಗೋಣಿ ಗೊಬ್ಬರ ಕಟ್ಟಿ ತೋಟದ ಏರು ಹತ್ತಿಸ್ಲಿಕ್ಕೆ ಹೋದ್ರೆ ಎಂಜಿನ್ ಬೊಬ್ಬೆ ಹಾಕ್ತದೆ, ಗಾಡಿ ಮಾತ್ರ ಮುಂದೆ ಹೋಗುದಿಲ್ಲ. ಭಾವ ಒಂದು ತಿಂಗಳು ಗಾಡಿ ಮಾರಿದವನಿಗೆ ಬೈದ್ರು, ಪಾಪ ಅವನದ್ದು ತಪ್ಪೇ ಇಲ್ಲ.

ವಿಷಯ ಎಂತ ಅಂದ್ರೆ ಸ್ಕೂಟರಿನ ಕ್ಲಚ್ ಇರುದು ಹೊರಗೆ, ಬೆಲ್ಟ್ ಇರುವ ಕಡೆ, ಒಣಗಿದ ಜಾಗದಲ್ಲಿ. ಇಂಥ ಹೆಚ್ಚಿನ ಸಣ್ಣ ಎಟಿವಿಗಳಲ್ಲಿ ಲಿವರ್ ಇಲ್ಲದಿದ್ರೂ ಕ್ಲಚ್ ಎಂಜಿನ್ ಆಯಿಲ್ ಒಳಗೇ ಮುಳುಗಿ ಕೆಲಸ ಮಾಡ್ತದೆ, ಗೇರೂ ಅದೇ ಆಯಿಲಲ್ಲಿ. ಸ್ಕೂಟರ್ ಆಯಿಲಲ್ಲಿ ಜಾರುಗುಣ ಜಾಸ್ತಿ, ಡಬ್ಬಿ ಮೇಲೆ ಜಾಸೊ (ಆಯಿಲಿನ ಜಪಾನಿ ಗುಣಮಟ್ಟದ ಗುರುತು) ಎಂಬಿ ಅಂತ ಇರ್ತದೆ, ಮೈಲೇಜಿಗೆ ಅದು ಒಳ್ಳೇದೇ, ಆದ್ರೆ ಆಯಿಲಲ್ಲಿ ಮುಳುಗಿದ ಕ್ಲಚ್ಚಿಗೆ ಹಿಡಿತ ಬೇಕು, ಜಾರಿದ್ರೆ ಅದು ಸುಟ್ಟು ಹೋಗ್ತದೆ. ಅಂಥ ಗಾಡಿಗೆ ಜಾಸೊ ಎಂಎ ಅಥವಾ ಎಂಎ2 ಅಂತ ಬರೆದ ಬೈಕ್ ಆಯಿಲೇ ಆಗ್ಬೇಕು. ಕಾರಿನ ಆಯಿಲ್ ಉಳಿದಿದೆ ಅಂತ ಹಾಕುವವರೂ ಉಂಟು, ಆ ಡಬ್ಬಿಯ ಉರುಟು ಮುದ್ರೆಯಲ್ಲಿ ರಿಸೋರ್ಸ್ ಕನ್ಸರ್ವಿಂಗ್ ಅಂತ ಇದ್ರೆ ಅದರಲ್ಲೂ ಜಾರುಗುಣ ಜಾಸ್ತಿ, ಇದಕ್ಕೆ ಮುಟ್ಟಿಸ್ಲೇ ಬೇಡಿ.

ಹಾಗಂತ ಎಲ್ಲ ಎಟಿವಿಗೂ ಒಂದೇ ಲೆಕ್ಕ ಅಲ್ಲ. ಪೋಲಾರಿಸ್ ಥರದ ದೊಡ್ಡ ಗಾಡಿಗಳಲ್ಲಿ ಸ್ಕೂಟರಿನ ಹಾಗೆ ಬೆಲ್ಟ್ ಡ್ರೈವ್, ಅದರ ತುಂಬಾ ಮಾಡೆಲಿಗೆ ಕಂಪನಿಯವರೇ 5ಡಬ್ಲ್ಯು-50 ಹೇಳ್ತಾರೆ, ಹೋಂಡಾ ಯಮಹಾದವರು ಬೇರೆ ಗ್ರೇಡ್ ಹೇಳ್ತಾರೆ. ಡಬ್ಲ್ಯು ಅಂದ್ರೆ ವಿಂಟರ್, ಅದಕ್ಕಿಂತ ಮೊದಲು ಬರುವ ನಂಬರ್ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನದ್ದು, ಅದರ ನಂತರ ಬರುವ 40, 50 ಅನ್ನುದು ಎಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಉಳೀತದೆ ಅನ್ನುದು. ಹಿಮ ಬೀಳುವ ದೇಶದವರು 0ಡಬ್ಲ್ಯು ಹುಡುಕ್ಲಿ, ನಮ್ಮಲ್ಲಿ ಡಿಸೆಂಬರಲ್ಲೂ ಫ್ಯಾನ್ ಬೇಕು, ಮ್ಯಾನ್ಯುಯಲ್ 10ಡಬ್ಲ್ಯು-40 ಹೇಳಿದ್ರೆ ಅದೇ ಹಾಕಿ ಸುಮ್ನೆ ಕೂತ್ಕೊಳ್ಳಿ, ಜಾಸ್ತಿ ರೇಟಿನ ಡಬ್ಬಿ ತಂದ್ರೆ ಎಂಜಿನ್ ಖುಷಿ ಆಗ್ತದೆ ಅಂತ ಏನಿಲ್ಲ. 4x4 ಗಾಡಿಯಾದ್ರೆ ಡಿಫರೆನ್ಷಿಯಲ್‌ಗೆ, ಅಂದ್ರೆ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆಗೆ, ಬೇರೆ ಆಯಿಲ್, ಅದನ್ನು ಮರ್ತೇ ಬಿಡ್ತಾರೆ.

ಇನ್ನು ಬದಲಿಸುದು ಯಾವಾಗ. ಬೀಚಲ್ಲಿ, ತೋಟದಲ್ಲಿ ಇಡೀ ದಿನ ಓಡಿದ್ರೂ ಕಿಲೋಮೀಟರ್ ಏರುದಿಲ್ಲ, ಇಂಥ ಗಾಡಿಗೆ ಗಂಟೆ ಲೆಕ್ಕ ಇಡ್ಬೇಕು. ಮಳೆಗಾಲದಲ್ಲಿ ತೋಡು ದಾಟಿಸಿದ್ಮೇಲೆ ಡಿಪ್‌ಸ್ಟಿಕ್ ಎತ್ತಿ ನೋಡಿ, ಆಯಿಲ್ ಹಾಲು ಹಾಕಿದ ಚಾ ಥರ ಕಂಡ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ, ಇನ್ನೊಂದು ವಾರ ಓಡ್ಲಿ ಅಂತ ಬಿಡ್ಬೇಡಿ. ಏರ್ ಫಿಲ್ಟರ್ ಮೂಲಕ ಹೊಯಿಗೆ ಒಳಗೆ ಹೋದ್ರಂತೂ ಎಂಥ ಆಯಿಲ್ ಹಾಕಿಯೂ ಪ್ರಯೋಜನ ಇಲ್ಲ.

ನಿಮ್ಮ ಪತ್ರಿಕೆ ಮೂಲಕ ನಾನು ಕೇಳುದು ಇಷ್ಟೆ, ಎಟಿವಿ ಮಾರುವವರು, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ, ಯಾವ ಗ್ರೇಡ್, ಎಂಎಯಾ ಎಂಬಿಯಾ, ಎಷ್ಟು ಆಯಿಲ್ ಹಿಡೀತದೆ ಅಂತ ಕನ್ನಡದಲ್ಲಿ ಒಂದು ಸ್ಟಿಕ್ಕರ್ ಸೀಟಿನ ಅಡಿಗೆ ಅಂಟಿಸಿ ಕೊಡ್ಲಿ. ಹತ್ತು ರೂಪಾಯಿ ಸ್ಟಿಕ್ಕರ್ ಇದ್ದಿದ್ರೆ ಭಾವನ ಕ್ಲಚ್ ಉಳೀತಿತ್ತು.

ಮತ್ತೆ ಇಳಿಸಿದ ಹಳೆ ಆಯಿಲ್. ನಮ್ಮಲ್ಲಿ ಒರಲೆ ಹಿಡೀಬಾರ್ದು ಅಂತ ಕಟ್ಟಿಗೆ ಕೊಟ್ಟಿಗೆಯ ಕಂಬಕ್ಕೆ ಬಳಿಯುದು, ಉಳಿದದ್ದು ಬೇಲಿ ಬುಡಕ್ಕೆ ಚೆಲ್ಲುದು ಮಾಮೂಲು. ಕಾನೂನು ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಭಾವನ ಮನೆಯಲ್ಲಿ ಕಂಬಕ್ಕೂ ಬಾವಿಗೂ ನಡುವೆ ಇರುದು ಆರು ಹೆಜ್ಜೆ, ಈ ಸಲ ನಾನೇ ಕ್ಯಾನಿಗೆ ತುಂಬಿಸಿ, ಹಳೆ ಆಯಿಲ್ ತಗೊಳ್ಳುವ ಗ್ಯಾರೇಜ್ ಹುಡುಕಿ ಕೊಟ್ಟು ಬಂದೆ.

ಇತಿ,
ನಿಮ್ಮ ಓದುಗ, ಬ್ರಹ್ಮಾವರ