ಸ್ಟ್ಯಾಂಡ್ ಸವೆದ ಗಾಡಿಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಹಳೆಯ ಬ್ರಿಟಿಷ್ ಬೈಕ್ ಬಿಎಸ್‌ಎ ಎ10 ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತಿದ್ದ ಹಾಗೇ ವಾಲಿತು. ಟ್ಯಾಂಕ್ ಉಳಿದದ್ದು ಪುಣ್ಯ.

ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿ ನೋಡಿ. ನೆಲಕ್ಕೆ ಉಜ್ಜಿದರೆ ಸವೆದಿದೆ ಎಂದೇ ಲೆಕ್ಕ. ಎಲ್ಲರೂ ಮೊದಲು ಪಾದಕ್ಕೆ ವೆಲ್ಡಿಂಗ್ ಹೊಡೆಸುತ್ತಾರೆ, ಅದು ಅರ್ಧ ಕೆಲಸ. ಪಿವಟ್ ತೂತು (ಸ್ಟ್ಯಾಂಡ್ ತಿರುಗುವ ಪಿನ್ ಕೂರುವ ತೂತು), ಫ್ರೇಮಿಗೆ ತಾಗಿ ನಿಲ್ಲುವ ಸ್ಟಾಪ್, ಎರಡನ್ನೂ ನೋಡಬೇಕು. ನನ್ನದು ಬಿಚ್ಚಿದಾಗ ತೂತು ಮೊಟ್ಟೆಯಾಕಾರ, ಪಿನ್ನಿನಲ್ಲಿ ಉಗುರು ಕೂರುವಷ್ಟು ತಗ್ಗು. ಸ್ಟಾಪ್ ಸವೆದರೆ ಸ್ಟ್ಯಾಂಡ್ ಕಾಲು ಅತಿಯಾಗಿ ಮುಂದೆ ಹೋಗಿ ಗಾಡಿ ತಗ್ಗುತ್ತದೆ.

ತೂತನ್ನು ಗುಂಡಗೆ ಕೊರೆಸಿ, ಲೇತ್‌ನಲ್ಲಿ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಮತ್ತು ಹೊಸ ಪಿನ್ ಮಾಡಿಸಿದೆ. ಸ್ಟಾಪ್‌ಗೆ ಮಾತ್ರ ಸ್ವಲ್ಪ ಸ್ವಲ್ಪವೇ ವೆಲ್ಡ್ ತುಂಬಿಸಿ, ಪ್ರತಿಸಲ ಗಾಡಿ ನಿಲ್ಲಿಸಿ ನೋಡಿ, ಅರ ಹಾಕಿ. ಹೆಚ್ಚಾದರೆ ಕಾಲು ನೆಟ್ಟಗೆ ನಿಂತುಬಿಡುತ್ತದೆ, ಸಣ್ಣಗೆ ತಳ್ಳಿದರೂ ಗಾಡಿ ಸ್ಟ್ಯಾಂಡಿನಿಂದ ಇಳಿಯುತ್ತದೆ. ಫ್ರೇಮ್ ಕಡೆ ವೆಲ್ಡಿಂಗ್ ಇದ್ದರೆ ಬ್ಯಾಟರಿ ತೆಗೆದಿಡಿ.

ಸ್ಟ್ಯಾಂಡಿನ ಸ್ಪ್ರಿಂಗ್ ಎಳೆದು ಸಿಕ್ಕಿಸಲು ಜಗ್ಗಾಡಬೇಡಿ. ವೈಸಿಗೆ ಹಿಡಿದು ಬಗ್ಗಿಸಿ, ಸುತ್ತುಗಳ ನಡುವೆ ಒಂದೊಂದು ರೂಪಾಯಿ ನಾಣ್ಯ ತೂರಿಸಿ. ಉದ್ದವಾಗಿಯೇ ನಿಲ್ಲುತ್ತದೆ, ಸಿಕ್ಕಿಸಿದ ಮೇಲೆ ಸ್ಟ್ಯಾಂಡ್ ಇಳಿಸಿದರೆ ನಾಣ್ಯಗಳು ತಾವೇ ಉದುರುತ್ತವೆ. (ಕಣ್ಣಿಗೆ ಕನ್ನಡಕ ಇರಲಿ.)

ಮಿಲಿಮೀಟರ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ತಿನ್ನಿಸಬೇಡಿ. ವಿಟ್‌ವರ್ತ್ (ಹಳೆಯ ಬ್ರಿಟಿಷ್ ಅಳತೆಯ) ಸ್ಪ್ಯಾನರ್ ಸೆಟ್ ನನ್ನ ಹತ್ತಿರ ಇದೆ, ಒಯ್ಯಿರಿ. ಆದರೆ ವಾಪಸ್ ಕೊಡಿ, ಒಂದು ಈಗಾಗಲೇ ಕಾಣೆಯಾಗಿದೆ. ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಕೂತು ಕಿಕ್ ಹೊಡೆದು ಸ್ಟ್ಯಾಂಡ್ ಸವೆಸುವವರು ಯಾರೆಂದು ಗೊತ್ತು, ಹೆಸರು ಹೇಳುವುದಿಲ್ಲ.