ಸಿಎಂವಿ ಪರೀಕ್ಷೆ ಇನ್ನು ಪ್ಲಾಸ್ಮಾದಲ್ಲಿ, ರಿಪೋರ್ಟ್ ಐಯು ಲೆಕ್ಕದಲ್ಲಿ

ಮಾನ್ಯ ವೈದ್ಯರಿಗೆ ಹಾಗೂ ಸ್ಯಾಂಪಲ್ ಕಳಿಸುವ ಲ್ಯಾಬ್‌ಗಳ ಸಿಬ್ಬಂದಿಗೆ ನಮಸ್ಕಾರ.

ಅಂಗಾಂಗ ಕಸಿ, ಅಸ್ಥಿಮಜ್ಜೆ ಕಸಿ ಆದವರಲ್ಲಿ ಸೈಟೋಮೆಗಾಲೋವೈರಸ್, ಅಂದರೆ ಸಿಎಂವಿ, ಎಷ್ಟಿದೆ ಎಂದು ಅಳೆಯುವ ನಮ್ಮ ಪಿಸಿಆರ್ ಪರೀಕ್ಷೆ ಮುಂದಿನ ತಿಂಗಳ 1ನೇ ತಾರೀಖಿನಿಂದ ಬದಲಾಗುತ್ತದೆ. ಹೋಲ್ ಬ್ಲಡ್ (ಬೇರ್ಪಡಿಸದ ರಕ್ತ) ಬದಲು ಇಡಿಟಿಎ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟದಂತೆ ಇಡಿಟಿಎ ಸೇರಿಸಿದ ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ದ್ರವ, ಬಳಸುತ್ತೇವೆ. ಪ್ರತಿ ಮಿ.ಲೀ.ಗೆ ವೈರಸ್ ಡಿಎನ್‌ಎಯ ಇಷ್ಟು ಕಾಪಿ ಎಂದು ಬರುತ್ತಿದ್ದ ಫಲಿತಾಂಶ ಇನ್ನು ಐಯು, ಅಂದರೆ ಅಂತರರಾಷ್ಟ್ರೀಯ ಯೂನಿಟ್, ಲೆಕ್ಕದಲ್ಲಿ ಬರುತ್ತದೆ. ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಇಟ್ಟು ವೈರಸ್ ಇಳಿಯಿತು, ಏರಿತು ಎಂದು ದಯವಿಟ್ಟು ತೀರ್ಮಾನಿಸಬೇಡಿ. ಈ ಪತ್ರ ಮುಖ್ಯವಾಗಿ ಇದನ್ನು ಹೇಳುವುದಕ್ಕೇ.

ಕಾಪಿ ಲೆಕ್ಕ ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾಗುತ್ತದೆ. ಡಿಎನ್‌ಎ ತೆಗೆಯುವ ವಿಧಾನ, ಕಿಟ್ ಹುಡುಕುವ ತುಣುಕಿನ ಉದ್ದ ಎರಡೂ ಅಂಕಿಯನ್ನು ಅಲುಗಾಡಿಸುತ್ತವೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಎಂವಿಗೆ ಐಯು ಲೆಕ್ಕದ ಅಂತರರಾಷ್ಟ್ರೀಯ ಮಾನಕ ಗೊತ್ತುಮಾಡಿದ ಮೇಲೆ ಈ ಅಂತರ ತಗ್ಗಿದೆ, ಪೂರ್ತಿ ಹೋಗಿಲ್ಲ. ಪ್ಲಾಸ್ಮಾದ ಸಿಎಂವಿ ಡಿಎನ್‌ಎ ಹೆಚ್ಚಾಗಿ ಚೂರುಚೂರಾಗಿರುವುದರಿಂದ ಉದ್ದ ತುಣುಕು ಹುಡುಕುವ ಕಿಟ್ ಈಗಲೂ ಕಡಿಮೆ ತೋರಿಸುತ್ತದೆ. ಒಬ್ಬ ರೋಗಿಯ ಪರೀಕ್ಷೆಗಳೆಲ್ಲ ಒಂದೇ ಲ್ಯಾಬಿನಲ್ಲಿ ನಡೆಯುವುದೇ ಒಳ್ಳೆಯದು.

ಹಳೆಯ ಅಂಕಿಯನ್ನು ಯಾವುದರಿಂದ ಗುಣಿಸಬೇಕು ಎಂದು ಹಲವರು ಕೇಳುತ್ತಿದ್ದೀರಿ. ಅಂಥ ಸೂತ್ರ ಕೊಡಲಾಗದು. ಹೋಲ್ ಬ್ಲಡ್‌ನಲ್ಲಿ ಬಿಳಿ ರಕ್ತಕಣಗಳೊಳಗಿನ ವೈರಸ್ ಡಿಎನ್‌ಎಯೂ ಸೇರುತ್ತದೆ. ಅದರ ಪಾಲು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಆದ್ದರಿಂದ ಈಗಾಗಲೇ ನಿಗಾದಲ್ಲಿರುವವರಿಂದ ಮೊದಲ ಸಲ ಎರಡು ಟ್ಯೂಬ್ ರಕ್ತ ಕಳಿಸಿ. ಎರಡೂ ವಿಧಾನದಲ್ಲಿ ಅಳೆದು ಒಂದೇ ರಿಪೋರ್ಟಿನಲ್ಲಿ ಕೊಡುತ್ತೇವೆ, ಹೆಚ್ಚಿನ ಶುಲ್ಕವಿಲ್ಲ. ಚಿಕಿತ್ಸೆ ಶುರುಮಾಡಲು ನೀವು ಇಟ್ಟುಕೊಂಡಿರುವ ಮಿತಿಯನ್ನೂ ಹೊಸದಾಗಿ ನಿಗದಿ ಮಾಡಬೇಕಾಗುತ್ತದೆ.

ಸ್ಯಾಂಪಲ್ ಹೀಗಿರಲಿ: ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 4 ಮಿ.ಲೀ. ರಕ್ತ ತೆಗೆದು, ಅಲ್ಲಾಡಿಸದೆ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. 24 ಗಂಟೆಯೊಳಗೆ 800ರಿಂದ 1600 ಜಿ (ಗುರುತ್ವದ ಅಷ್ಟು ಪಟ್ಟು) ಬಲದಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ನಿಮ್ಮ ಯಂತ್ರ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಮಾತ್ರ ತೋರಿಸುವುದಾದರೆ ರೋಟರಿನ ತ್ರಿಜ್ಯ ನೋಡಿ ಲೆಕ್ಕ ಹಾಕಿಕೊಳ್ಳಬೇಕು. ಪ್ಲಾಸ್ಮಾ ತೆಗೆಯುವಾಗ ಬಿಳಿ ಕಣಗಳ ಪದರಕ್ಕೆ ಪಿಪೆಟ್ ತಾಗಬಾರದು. ಆ ಪದರಕ್ಕೆ ತಾಗಿ ಮೇಲಿರುವ ಅರ್ಧ ಸೆಂ.ಮೀ. ಪ್ಲಾಸ್ಮಾ ತೆಗೆಯದೆ ಬಿಟ್ಟುಬಿಡಿ. ಪದರ ಕದಡಿದರೆ ಕಣದೊಳಗೆ ಸುಪ್ತವಾಗಿರುವ ವೈರಸ್ಸೂ ಲೆಕ್ಕಕ್ಕೆ ಬಂದು ಬೇಡದ ಔಷಧಿಗೆ ದಾರಿಯಾದೀತು. ನಮಗೆ ಕನಿಷ್ಠ 1 ಮಿ.ಲೀ. ಪ್ಲಾಸ್ಮಾ ಬೇಕು. ಬೇರ್ಪಡಿಸದ ರಕ್ತವನ್ನು ಫ್ರೀಜ್ ಮಾಡಲೇಬೇಡಿ, ಕಣಗಳು ಒಡೆದು ಎಲ್ಲವೂ ಬೆರೆತುಹೋಗುತ್ತದೆ.

ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ವಸ್ತು) ಟ್ಯೂಬ್ ಸ್ವೀಕರಿಸುವುದಿಲ್ಲ, ಹೆಪಾರಿನ್ ಪಿಸಿಆರ್ ಕಿಣ್ವವನ್ನು ತಡೆಯುತ್ತದೆ. ಸೆಂಟ್ರಲ್ ಲೈನಿನಿಂದ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ) ರಕ್ತ ತೆಗೆಯುವವರು ಮೊದಲ ಭಾಗವನ್ನು ನಿಮ್ಮ ಆಸ್ಪತ್ರೆಯ ಕ್ರಮದಂತೆ ಚೆಲ್ಲಿ ನಂತರದ್ದನ್ನು ಕಳಿಸಿ. ಪ್ರತಿ ಸ್ಯಾಂಪಲಿಗೂ ನಾವು ಆಂತರಿಕ ಕಂಟ್ರೋಲ್, ಅಂದರೆ ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಡಿಎನ್‌ಎ, ಸೇರಿಸುತ್ತೇವೆ. ಅದು ವಿಫಲವಾದರೆ ರಿಪೋರ್ಟಿನಲ್ಲಿ ‘ಅಸಿಂಧು’ ಎಂದಿರುತ್ತದೆ. ಅದು ನೆಗೆಟಿವ್ ಎಂದಲ್ಲ, ಮತ್ತೆ ರಕ್ತ ಕಳಿಸಬೇಕು ಎಂದರ್ಥ.

ಇಬಿವಿ (ಎಪ್‌ಸ್ಟೀನ್-ಬಾರ್ ವೈರಸ್) ಪರೀಕ್ಷೆ ಹೋಲ್ ಬ್ಲಡ್‌ನಲ್ಲೇ ಮುಂದುವರಿಯುತ್ತದೆ, ಅದಕ್ಕೆ ಬೇರೆ ಟ್ಯೂಬ್ ಬೇಕು.

ಹೊಸ ರಿಪೋರ್ಟಿನಲ್ಲಿ ಲಾಗ್ ಮೌಲ್ಯವೂ ಇರುತ್ತದೆ (1 ಲಾಗ್ ಎಂದರೆ ಹತ್ತು ಪಟ್ಟು), ಅದನ್ನೇ ನೋಡಿ. 1,200ರಿಂದ 2,400 ಐಯುಗೆ ಹೋದರೆ ಎರಡು ಪಟ್ಟಾಯಿತೆಂದು ಗಾಬರಿಯಾಗುತ್ತದೆ; ಆದರೆ ಅದು 0.3 ಲಾಗ್, ಪರೀಕ್ಷೆಯ ಸಹಜ ಏರಿಳಿತದೊಳಗೇ ಇದೆ. 0.5 ಲಾಗ್, ಅಂದರೆ ಸುಮಾರು ಮೂರು ಪಟ್ಟು, ದಾಟಿದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. ಅಳತೆಯ ಕೆಳಮಿತಿಯ ಹತ್ತಿರ 0.7 ಲಾಗ್ ಬೇಕು. ವಾರಕ್ಕೊಂದು ಪರೀಕ್ಷೆ ಸಾಕು. ಸಿಎಂವಿ ಔಷಧಿ ಗ್ಯಾನ್ಸಿಕ್ಲೋವಿರ್ ಆರಂಭಿಸಿದ ಮೊದಲ ಎರಡು ವಾರ ಅಂಕಿ ಇಳಿಯದಿದ್ದರೂ ಅದೊಂದರಿಂದಲೇ ಔಷಧ ನಿರೋಧಕತೆ ಎನ್ನಲಾಗದು. ಎರಡು ವಾರ ಸರಿಯಾದ ಪ್ರಮಾಣ ಕೊಟ್ಟ ಮೇಲೂ ಇಳಿಯದಿದ್ದರೆ ವೈರಸ್ಸಿನ ಯುಎಲ್97, ಯುಎಲ್54 ಜೀನ್‌ಗಳ ಪರೀಕ್ಷೆ ಕೇಳಿ. ಇನ್ನೊಂದು ಸಿಎಂವಿ ಔಷಧಿ ಲೆಟರ್ಮೋವಿರ್ ತೆಗೆದುಕೊಳ್ಳುವವರ ವಿಷಯ ಬೇರೆ: ಆ ಔಷಧಿ ಡಿಎನ್‌ಎ ತಯಾರಾಗುವುದನ್ನಲ್ಲ, ತಯಾರಾದ ಡಿಎನ್‌ಎ ವೈರಸ್ ಕವಚದೊಳಗೆ ಸೇರುವುದನ್ನು ತಡೆಯುತ್ತದೆ. ಸೋಂಕು ಹರಡುವ ವೈರಸ್ ಇಲ್ಲದೆಯೂ ಡಿಎನ್‌ಎ ಕಾಣಿಸಬಹುದು. ದಯವಿಟ್ಟು ಫಾರಂನಲ್ಲಿ ಔಷಧಿಯ ಹೆಸರು ಬರೆಯಿರಿ.

ಕರುಳು ಅಥವಾ ಕಣ್ಣಿನ ಸಿಎಂವಿ ರೋಗದಲ್ಲಿ ಪ್ಲಾಸ್ಮಾ ನೆಗೆಟಿವ್ ಬರುವುದುಂಟು. ಲಕ್ಷಣಗಳಿದ್ದರೆ ನಮ್ಮ ರಿಪೋರ್ಟ್ ನೋಡಿ ಸುಮ್ಮನಾಗದೆ ಬಯಾಪ್ಸಿಗೆ, ಕಣ್ಣಿನ ತಜ್ಞರ ಪರೀಕ್ಷೆಗೆ ಕಳಿಸಿ.

ಹೊಸ ಫಾರಂ ಈ ಪತ್ರದೊಂದಿಗಿದೆ. ರಕ್ತ ತೆಗೆದ ವೇಳೆ ಮತ್ತು ಪ್ಲಾಸ್ಮಾ ಬೇರ್ಪಡಿಸಿದ ವೇಳೆ ಎರಡನ್ನೂ ತುಂಬಿ.

ಇಂತಿ,
ಅಣು ಪರೀಕ್ಷಾ ವಿಭಾಗ