ಕೈ ನಡುಗುತ್ತೆ ಅಂತ ಬರೆದಿದ್ದೀಯ

ಚಿತ್ರದುರ್ಗ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಗೆಳತಿಯರೆಲ್ಲ ಸೇರಿ ದಾವಣಗೆರೆಯ ಹೋಟೆಲಿನಲ್ಲಿ ಅಡುಗೆ ಕ್ಲಾಸಿಗೆ ಹೆಸರು ಕೊಟ್ಟಿದ್ದೀರಿ ಅಂತ ಓದಿ ಖುಷಿಯಾಯಿತು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ ನೋಡು. "ಯಾರಾದರೂ ನೋಡ್ತಾ ನಿಂತರೆ ನನ್ನ ಕೈ ನಡುಗುತ್ತೆ ದೊಡ್ಡಮ್ಮ. ದುಡ್ಡು ಹೋದರೆ ಹೋಗಲಿ, ಬರಲ್ಲ ಅಂತ ಹೇಳಿಬಿಡಲಾ?" ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಆ ನಡುಕ ನನಗೆ ಗೊತ್ತು. ಮದುವೆಯಾಗಿ ಅದೇ ದಾವಣಗೆರೆಗೆ ಹೋದ ಹೊಸತು. ಹಬ್ಬದ ಮಾರನೇ ದಿನ, ಮನೆ ತುಂಬ ನೆಂಟರು. ನನ್ನನ್ನು ಹಂಚಿನ ಮುಂದೆ ನಿಲ್ಲಿಸಿದರು. ಮೊದಲನೇ ದೋಸೆ ಏಳಲೇ ಇಲ್ಲ. ಎರಡನೇದು ಹರಿಯಿತು. ಮೂರನೇದಕ್ಕೆ ಹಿಟ್ಟು ತೆಗೆಯುವಷ್ಟರಲ್ಲಿ ಮನೆಯ ಹಿರಿಯರೊಬ್ಬರು ಏನೂ ಅನ್ನದೆ ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲೂ ಇಲ್ಲ. ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದೆ. ಆಮೇಲೆ ಎಷ್ಟೋ ವರ್ಷ, ಅಡುಗೆಮನೆಗೆ ಯಾರಾದರೂ ಬಂದರೆ ಸಾಕು, ನಾನು ಪಾತ್ರೆ ತೊಳೆಯುವ ಕಡೆ ಸರಿದುಬಿಡುತ್ತಿದ್ದೆ.

ಅವತ್ತು ಹಂಚು ಸರಿಯಾಗಿ ಕಾದಿರಲಿಲ್ಲ, ಅಷ್ಟೇ. ನೀರು ಚಿಮುಕಿಸಿದರೆ ಹನಿ ಚುರ್ ಅಂತ ಓಡಾಡಬೇಕು. ಕಾವು ಜಾಸ್ತಿಯಾದರೂ ಕಷ್ಟ, ಹಿಟ್ಟು ಹರಡದೆ ಸೌಟಿನ ಜೊತೆಗೇ ಎದ್ದು ಬರುತ್ತೆ. ಹೋಟೆಲಿನವರು ಕಾವಲಿಗೆ ನೀರು ಹೊಡೆದು ಪೊರಕೆಯಲ್ಲಿ ಗುಡಿಸುವುದು ಅದಕ್ಕೇ. ಬೆಣ್ಣೆ ದೋಸೆ ಹೇಳಿಕೊಟ್ಟರೆ ತೆಳ್ಳಗೆ ಎಳೆಯಲು ಹೋಗಬೇಡ, ಅದು ಸ್ವಲ್ಪ ದಪ್ಪಗೇ ಇರಬೇಕು. ನನ್ನದು ಮನೆ ಹಂಚಿನ ಲೆಕ್ಕ. ಸೌದೆ ಒಲೆಯ ಆ ದೊಡ್ಡ ಕಾವಲಿ ನಾನು ಮುಟ್ಟಿದವಳಲ್ಲ. ಅವರು ಹೇಳಿದಂತೆ ಮಾಡು.

ಸುಮ್ನೆ ಸುತ್ತಿ ಬಳಸಿ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಬೇರೆ ಇದೆ.

ನಿನಗೆ ಆಗ ಎಂಟು ವರ್ಷ ಇರಬಹುದು. ಬೇಸಿಗೆ ರಜೆಗೆ ಇಲ್ಲಿಗೆ ಬಂದಿದ್ದೆ. ಸ್ಟೂಲ್ ಹತ್ತಿ ನಿಂತು "ನಾನೂ ಹಾಕ್ತೀನಿ" ಅಂದೆ. ಹಿಟ್ಟು ಒಲೆಯ ಮೇಲೆಲ್ಲ ಚೆಲ್ಲಿತು. ಮನೆಗೆ ಯಾರೋ ಬಂದು ಕೂತಿದ್ದರು, ನನಗೆ ಅವಸರ. ಸೌಟು ಕಿತ್ತುಕೊಂಡು "ಬಿಡು, ನಿನ್ನ ಕೈಲಿ ಆಗಲ್ಲ" ಅಂದೆ. ಎಲ್ಲರೆದುರು ಅಂದೆ. ನೀನು ಅಳಲಿಲ್ಲ. ಸ್ಟೂಲಿನಿಂದ ಇಳಿದೆ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಗೋಡೆ ಪಕ್ಕ ಇದ್ದ ಜಾಗದಲ್ಲೇ ಇಟ್ಟೆ. ನಿನಗೆ ನೆನಪಿದೆಯೋ ಇಲ್ಲವೋ. ನನಗಂತೂ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಕೈಯ ನಡುಕ ನಾನೇ ಹಚ್ಚಿದ್ದೇನೋ ಅನ್ನಿಸಿ ನಾಲ್ಕು ದಿನದಿಂದ ನಿದ್ದೆ ಸರಿಯಾಗಿಲ್ಲ. ತಪ್ಪಾಯಿತು ಪುಟ್ಟಿ.

ನಿನ್ನ ಊರಿನ ಬೆಣ್ಣೆ ದೋಸೆಯ ಕಥೆ ಕೇಳಿದ್ದೀಯಲ್ಲ? 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರಿನ ಹತ್ತಿರ ದೋಸೆ ಹಾಕಿ ಮಾರುತ್ತಿದ್ದರಂತೆ. ಮೊದಮೊದಲು ರಾಗಿ ದೋಸೆ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಹಾಕಿ ರುಬ್ಬುವುದು ಶುರುವಾದದ್ದು ಆಮೇಲೆ, ಮಕ್ಕಳ ಕಾಲಕ್ಕೆ. ಗುರುತಿಲ್ಲದ ಊರಲ್ಲಿ, ನಾಟಕಕ್ಕೆ ಬಂದ ಜನರೆಲ್ಲ ನೋಡುತ್ತಿರುವಾಗ ಆಕೆಯ ಕೈಯೂ ಒಂದು ದಿನವಾದರೂ ನಡುಗಿರಬೇಕು, ಅಲ್ವಾ? ಅಂಗಡಿ ಮುಂದೆ ತಟ್ಟೆ ಹಿಡಿದು ನಿಂತಾಗಲೆಲ್ಲ ನನಗೆ ಆಕೆಯ ಕೈಯದೇ ಯೋಚನೆ.

ಕ್ಲಾಸಿಗೆ ಹೋಗು. ಕೊನೆಯವಳಾಗಿ ನಿಲ್ಲಬೇಡ, ಕಾದಷ್ಟೂ ಭಯ ಜಾಸ್ತಿ. ಎರಡನೆಯವಳಾಗಿ ನಿಲ್ಲು. ಒಲೆ ಹತ್ತಿರವೇ ಇರುತ್ತೆ, ದುಪಟ್ಟಾ ಬಿಚ್ಚಿಡು. ಇದೆಲ್ಲ ನಿನಗೆ ಗೊತ್ತಿರುತ್ತೆ, ಆದರೂ ಬರೆದೆ. ಕೈ ನಡುಗಿದರೆ ನಡುಗಲಿ. "ಕೊಡು ಇಲ್ಲಿ" ಅಂತ ಯಾರಾದರೂ ಕೈ ಚಾಚಿದರೆ "ಇನ್ನೊಂದು ಹಾಕ್ತೀನಿ" ಅನ್ನು. ನಾನು ಅವತ್ತು ಅನ್ನಲಿಲ್ಲ.

ಕ್ಲಾಸು ಮುಗಿದ ಮೇಲೆ ಒಂದು ದಿನ ಬಸ್ಸು ಹತ್ತಿ ಬಾ. ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿ ಇಟ್ಟಿರುತ್ತೇನೆ. ಹಂಚಿನ ಮುಂದೆ ನೀನು ನಿಲ್ಲು. ನಾನು ಒಳಗೆ ಬರಲ್ಲ, ಪಡಸಾಲೆಯಲ್ಲಿ ತಟ್ಟೆ ಹಿಡಿದು ಕೂತಿರುತ್ತೇನೆ. ಹರಿದದ್ದನ್ನೂ ಕೊಡು.

ನಿನ್ನ
ದೊಡ್ಡಮ್ಮ